ಯಕೃತ್ತಿನ ಕ್ಯಾನ್ಸರ್ ಚಿಕಿತ್ಸೆಯ ನಂತರ: ಯಾವ ಜ್ವರಕ್ಕೆ ಹೆದರಬೇಕು?

ಯಕೃತ್ತಿನ ಕ್ಯಾನ್ಸರ್‌ಗೆ ಚಿಕಿತ್ಸೆ ಮುಗಿಸಿ ಮನೆಗೆ ಬಂದವರ ಹೊಟ್ಟೆಯ ಮೇಲೆ ಈಗ ಎಷ್ಟೋ ಸಲ ಹೊಲಿಗೆಯ ಗುರುತೇ ಇರುವುದಿಲ್ಲ. ತೊಡೆಸಂದಿಯಲ್ಲೋ ಮಣಿಕಟ್ಟಿನಲ್ಲೋ ಪಕ್ಕೆಯಲ್ಲೋ ಒಂದು ಸಣ್ಣ ಚುಚ್ಚುಗಾಯ, ಅದರ ಮೇಲೊಂದು ಪಟ್ಟಿ, ಅಷ್ಟೇ. ಒಂದೆರಡು ದಿನದಲ್ಲಿ ಆಸ್ಪತ್ರೆಯಿಂದ ಬಿಡುಗಡೆ. ನೋಡಲು ಬಂದ ನೆಂಟರಿಗೆ ‘ಆಪರೇಷನ್ ಏನೂ ಮಾಡಲಿಲ್ಲ, ಬರೀ ಸೂಜಿಯಲ್ಲೇ ಮುಗಿಸಿದರು’ ಎಂದು ಮನೆಯವರು ಸಮಾಧಾನದಿಂದ ಹೇಳುತ್ತಾರೆ. ಮೂರನೆಯ ದಿನ ಮೈ ಬಿಸಿಯೇರಿದರೆ ಅದೇ ಮನೆಯಲ್ಲಿ ಗಾಬರಿ. ಸೋಂಕು ತಗುಲಿತೇ? ಆಸ್ಪತ್ರೆಗೆ ಓಡಬೇಕೇ? ಔಷಧದಂಗಡಿಯಿಂದ ನಾಲ್ಕು ಆಂಟಿಬಯಾಟಿಕ್ ಮಾತ್ರೆ ತಂದು ನುಂಗಿಸಿದರೆ ಸಾಕೇ?

ಮೊದಲ ಕೆಲವು ದಿನಗಳ ಜ್ವರ ಬಹುಪಾಲು ಸೋಂಕಿನದಲ್ಲ. ನಿಜವಾದ ಸೋಂಕು ಅಪರೂಪ. ಆದರೆ ಬಂದರೆ ಪ್ರಾಣಕ್ಕೇ ಕುತ್ತು ತರಬಲ್ಲದು. ಅದು ಸಾಮಾನ್ಯವಾಗಿ ಚರ್ಮದ ಮೇಲಿನ ಗಾಯದಿಂದ ಬರುವುದಿಲ್ಲ. ಹೊಟ್ಟೆಯೊಳಗಿನ ಪಿತ್ತನಾಳದ ದಾರಿಯಿಂದ ಬರುತ್ತದೆ. ಈ ಎರಡು ಸಂಗತಿಗಳನ್ನು ತಿಳಿದುಕೊಂಡರೆ ಚಿಕಿತ್ಸೆಗೆ ಮೊದಲು ಏನು ಹೇಳಬೇಕು, ನಂತರ ಯಾವುದರ ಮೇಲೆ ಕಣ್ಣಿಡಬೇಕು ಎಂಬುದು ತಾನಾಗಿಯೇ ಸ್ಪಷ್ಟವಾಗುತ್ತದೆ.

ಕೊಯ್ಯದೆ ಕೊಲ್ಲುವ ವಿದ್ಯೆ

ಲಿವರ್ ಎಂದು ಎಲ್ಲರೂ ಕರೆಯುವ, ಅಚ್ಚಗನ್ನಡದಲ್ಲಿ ಈಲಿ ಎಂಬ ಹೆಸರಿರುವ ಯಕೃತ್ತಿಗೆ ಒಂದು ವಿಶೇಷವಿದೆ. ಅದಕ್ಕೆ ರಕ್ತ ಎರಡು ಕಡೆಯಿಂದ ಬರುತ್ತದೆ. ಮುಕ್ಕಾಲು ಪಾಲು ರಕ್ತ ಕರುಳಿನಿಂದ ಪೋರ್ಟಲ್ ಅಭಿಧಮನಿಯ ಮೂಲಕ, ಉಳಿದ ಕಾಲು ಪಾಲು ಹೃದಯದ ಕಡೆಯಿಂದ ಯಕೃತ್ತಿನ ಅಪಧಮನಿಯ ಮೂಲಕ. ಆದರೆ ಯಕೃತ್ತಿನಲ್ಲಿ ಬೆಳೆಯುವ ಕ್ಯಾನ್ಸರ್ ಗಡ್ಡೆ ತನ್ನ ಆಹಾರವನ್ನು ಹೆಚ್ಚುಕಡಿಮೆ ಪೂರ್ತಿಯಾಗಿ ಅಪಧಮನಿಯಿಂದಲೇ ಹೀರಿಕೊಳ್ಳುತ್ತದೆ. ಗಡ್ಡೆಗೆ ಹೋಗುವ ಅಪಧಮನಿಯ ಕವಲನ್ನು ಮುಚ್ಚಿದರೆ ಗಡ್ಡೆ ಉಪವಾಸ ಬೀಳುತ್ತದೆ; ಯಕೃತ್ತು ಪೋರ್ಟಲ್ ರಕ್ತದ ಬಲದಿಂದ ಬದುಕುತ್ತದೆ.

ಈ ಸೂತ್ರವನ್ನು ಹಿಡಿದು 1970ರ ದಶಕದ ಕೊನೆಯಲ್ಲಿ ಜಪಾನಿನ ಒಸಾಕಾದಲ್ಲಿ ರ್‍ಯೂಸಾಕು ಯಮಾಡ ಮತ್ತು ಸಂಗಡಿಗರು ಹೊಸ ಚಿಕಿತ್ಸೆಯನ್ನು ರೂಪಿಸಿದರು. ಶಸ್ತ್ರಚಿಕಿತ್ಸೆ ಸಾಧ್ಯವಿಲ್ಲದ 120 ರೋಗಿಗಳ ಅನುಭವವನ್ನು ಅವರು 1983ರಲ್ಲಿ ಪ್ರಕಟಿಸಿದರು. ಇಂದು ಕೀಮೋಎಂಬೋಲೈಸೇಷನ್ ಎಂದು ಹೆಸರಾಗಿರುವ ವಿಧಾನ ಇದೇ. ತೊಡೆಯ ಅಥವಾ ಮಣಿಕಟ್ಟಿನ ಅಪಧಮನಿಯಿಂದ ತೆಳುವಾದ ನಳಿಕೆಯನ್ನು ಯಕೃತ್ತಿನವರೆಗೆ ತೂರಿಸಿ, ಕ್ಯಾನ್ಸರ್ ಮದ್ದನ್ನು ಗಡ್ಡೆಯ ಬುಡಕ್ಕೇ ಸುರಿಯುತ್ತಾರೆ. ಮದ್ದನ್ನು ಬೆರೆಸಲು ಬಳಸುವ ಲಿಪಿಯೊಡಾಲ್ ಎಂಬ ಎಣ್ಣೆ ಮೂಲತಃ ಗಸಗಸೆಯದು. ಎಕ್ಸ್-ರೇಯಲ್ಲಿ ಕಾಣಲೆಂದು ಅದಕ್ಕೆ ಅಯೋಡಿನ್ ಕೂಡಿಸಿರುತ್ತಾರೆ. ಬಳಿಕ ಜೆಲಟಿನ್ ಚೂರುಗಳಿಂದ ದಾರಿ ಮುಚ್ಚುತ್ತಾರೆ. 2002ರಲ್ಲಿ ಸ್ಪೇನಿನ ಬಾರ್ಸಿಲೋನಾ ಮತ್ತು ಹಾಂಗ್‌ಕಾಂಗ್‌ಗಳಿಂದ ಬಂದ ಎರಡು ಅಧ್ಯಯನಗಳು, ಆರಿಸಿದ ರೋಗಿಗಳಲ್ಲಿ ಈ ಚಿಕಿತ್ಸೆ ಆಯುಸ್ಸನ್ನು ಹೆಚ್ಚಿಸುತ್ತದೆಂದು ತೋರಿಸಿದವು.

ಎರಡನೆಯ ವಿಧಾನ ಸುಡುವುದು. ಅಲ್ಟ್ರಾಸೌಂಡ್ ಅಥವಾ ಸಿ.ಟಿ. ನೋಡಿಕೊಂಡು ಪಕ್ಕೆಯಿಂದ ಗಡ್ಡೆಯ ನಡುವಿಗೆ ಸೂಜಿ ಇಳಿಸುತ್ತಾರೆ. ರೇಡಿಯೋ ತರಂಗ ಅಥವಾ ಮೈಕ್ರೋವೇವ್‌ನಿಂದ ಸೂಜಿಯ ತುದಿಯ ಸುತ್ತ 60 ಡಿಗ್ರಿ ಸೆಲ್ಷಿಯಸ್‌ಗೂ ಮೀರಿದ ಶಾಖ ಹುಟ್ಟುತ್ತದೆ. ಅಷ್ಟು ಬಿಸಿಯಲ್ಲಿ ಜೀವಕೋಶ ಬೆಂದುಹೋಗುತ್ತದೆ. ಅಬ್ಲೇಷನ್ ಎಂಬ ಈ ಚಿಕಿತ್ಸೆ ಮೂರು ಸೆಂಟಿಮೀಟರ್‌ಗಿಂತ ಚಿಕ್ಕ ಗಡ್ಡೆಗಳಿಗೆ ಚೆನ್ನಾಗಿ ಒಗ್ಗುತ್ತದೆ.

ಎರಡರಲ್ಲೂ ಗಡ್ಡೆಯನ್ನು ಹೊರಗೆ ತೆಗೆಯುವುದಿಲ್ಲ, ಕೊಂದು ಅಲ್ಲೇ ಬಿಡುತ್ತಾರೆ. ಜ್ವರದ ಕಥೆಯೂ ಸೋಂಕಿನ ಕಥೆಯೂ ಆರಂಭವಾಗುವುದು ಇಲ್ಲಿಂದಲೇ.

ಸತ್ತ ಗಡ್ಡೆಯ ಬಿಸಿ

ಸತ್ತ ಅಂಗಾಂಶವನ್ನು ದೇಹ ಸುಮ್ಮನೆ ಬಿಡುವುದಿಲ್ಲ. ಅದನ್ನು ಕರಗಿಸಿ ಸಾಗಿಸುವ ಕೆಲಸಕ್ಕೆ ರಕ್ಷಣಾ ಕಣಗಳು ಧಾವಿಸುತ್ತವೆ. ಆಗ ರಕ್ತದಲ್ಲಿ ಸೇರುವ ರಾಸಾಯನಿಕಗಳು ಮೈಯನ್ನು ಬಿಸಿ ಮಾಡುತ್ತವೆ. ಜ್ವರದ ಜೊತೆಗೆ ಬಲಪಕ್ಕೆಯಲ್ಲಿ ನೋವು, ವಾಕರಿಕೆ, ಸುಸ್ತು, ಊಟ ಸೇರದಿರುವುದು ಇವೆಲ್ಲ ಕಾಣಿಸಿಕೊಳ್ಳುತ್ತವೆ. ಕೀಮೋಎಂಬೋಲೈಸೇಷನ್ ಮಾಡಿಸಿಕೊಂಡವರಲ್ಲಿ ಇದು ಸರ್ವೇಸಾಮಾನ್ಯ. ಸಾಧಾರಣವಾಗಿ ಮೊದಲ ಮೂರು ದಿನಗಳೊಳಗೆ ಶುರುವಾಗಿ, ದಿನದಿಂದ ದಿನಕ್ಕೆ ತಗ್ಗುತ್ತಾ ವಾರ ಹತ್ತು ದಿನಗಳಲ್ಲಿ ಇಳಿದುಹೋಗುತ್ತದೆ.

ಇದಕ್ಕೆ ಬೇಕಾದದ್ದು ವಿಶ್ರಾಂತಿ, ನೀರು, ವೈದ್ಯರು ಬರೆದುಕೊಟ್ಟ ಜ್ವರದ ಮಾತ್ರೆ. ಯಕೃತ್ತು ಮೊದಲೇ ಸೊರಗಿದವರಿಗೆ ಪ್ಯಾರಾಸಿಟಮಾಲನ್ನು ದಿನಕ್ಕೆ 2 ಗ್ರಾಂ ಮೀರದಂತೆ ಕೊಡುವುದು ರೂಢಿ. ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂಥ ನೋವಿನ ಮಾತ್ರೆಗಳು ಇಂಥವರ ಮೂತ್ರಪಿಂಡ ಕೆಡಿಸಬಹುದು, ರಕ್ತಸ್ರಾವವನ್ನೂ ತರಬಹುದು, ಅವು ಬೇಡ. ಆಂಟಿಬಯಾಟಿಕ್‌ನಿಂದಂತೂ ಈ ಜ್ವರ ಇಳಿಯುವುದಿಲ್ಲ. ಕೊಲ್ಲಲು ಅಲ್ಲಿ ಕ್ರಿಮಿಯೇ ಇಲ್ಲ.

ಹಾಗಾದರೆ ಕ್ರಿಮಿ ಸೇರಿಕೊಳ್ಳುವುದು ಯಾವಾಗ?

ಕಾವಲು ಮುರಿದ ಬಾಗಿಲು

ಯಕೃತ್ತಿನಲ್ಲಿ ತಯಾರಾದ ಪಿತ್ತರಸ ನಾಳದ ಮೂಲಕ ಸಣ್ಣ ಕರುಳಿಗೆ ಇಳಿಯುತ್ತದೆ. ನಾಳ ಕರುಳನ್ನು ಸೇರುವ ಜಾಗದಲ್ಲಿ ಒಂದು ಸ್ನಾಯುವಿನ ಬಳೆಯಿದೆ. ಇಟಲಿಯ ರುಜೆರೊ ಒಡ್ಡಿ 1887ರಲ್ಲಿ ಇದನ್ನು ವಿವರಿಸಿದ. ಇಂದಿಗೂ ಅದಕ್ಕೆ ಅವನದೇ ಹೆಸರು. ಈ ಬಳೆ ಪಿತ್ತವನ್ನು ಕೆಳಕ್ಕೆ ಬಿಡುತ್ತದೆ, ಕರುಳಿನ ಕೊಳೆಯನ್ನು ಮೇಲಕ್ಕೆ ಬಿಡುವುದಿಲ್ಲ. ಕಾವಲುಗಾರ ಸರಿಯಾಗಿದ್ದಾಗ ಪಿತ್ತನಾಳದಲ್ಲಿ ಬ್ಯಾಕ್ಟೀರಿಯಾ ಇರುವುದಿಲ್ಲ ಎಂದೇ ಹೇಳಬಹುದು.

ಕೆಲವರಲ್ಲಿ ಈ ಕಾವಲು ಮುರಿದಿರುತ್ತದೆ. ಮೇದೋಜೀರಕ ಗ್ರಂಥಿಯ ದೊಡ್ಡ ಶಸ್ತ್ರಚಿಕಿತ್ಸೆಯಲ್ಲಿ ಪಿತ್ತನಾಳವನ್ನು ನೇರವಾಗಿ ಕರುಳಿಗೆ ಜೋಡಿಸಿರುತ್ತಾರೆ. ಕಾಮಾಲೆ ಇಳಿಸಲು ಎಂಡೋಸ್ಕೋಪಿ ಮೂಲಕ ನಾಳದೊಳಗೆ ಸ್ಟೆಂಟ್ ಇಟ್ಟಿರುತ್ತಾರೆ. ಕಲ್ಲು ತೆಗೆಯಲು ಬಳೆಯನ್ನೇ ಸೀಳಿರುತ್ತಾರೆ. ಇಂಥವರಲ್ಲಿ ಕರುಳಿನ ಇ. ಕೊಲೈ, ಕ್ಲೆಬ್ಸಿಯೆಲ್ಲಾ, ಎಂಟೆರೊಕಾಕಸ್ ಮೊದಲಾದ ಬ್ಯಾಕ್ಟೀರಿಯಾ ನಾಳ ಹತ್ತಿ ಯಕೃತ್ತಿನೊಳಕ್ಕೆ ಸೇರಿರುತ್ತವೆ. ಪಿತ್ತ ಸರಾಗವಾಗಿ ಹರಿಯುತ್ತಿರುವವರೆಗೆ ಅವು ತೊಂದರೆ ಕೊಡದೆ ಇರಬಹುದು.

ಚಿಕಿತ್ಸೆಯಾದಾಗ ಲೆಕ್ಕ ತಪ್ಪುತ್ತದೆ. ಯಕೃತ್ತಿನ ಜೀವಕೋಶಗಳಿಗೆ ಎರಡು ಕಡೆಯ ರಕ್ತ ಇದ್ದರೂ, ಪಿತ್ತನಾಳಗಳ ಗೋಡೆಗೆ ರಕ್ತ ಕೊಡುವುದು ಮುಖ್ಯವಾಗಿ ಅಪಧಮನಿಯೇ. ಗಡ್ಡೆಯನ್ನು ಉಪವಾಸ ಕೆಡವಲು ಅಪಧಮನಿಯ ಕವಲನ್ನು ಮುಚ್ಚಿದಾಗ ಪಕ್ಕದ ಸಣ್ಣ ಪಿತ್ತನಾಳಗಳೂ ಸೊರಗುತ್ತವೆ, ಕೆಲವೊಮ್ಮೆ ಸೋರುತ್ತವೆ. ಸುಡುವ ಸೂಜಿಯ ಶಾಖವೂ ಹತ್ತಿರದ ನಾಳವನ್ನು ಕೆಡಿಸಬಹುದು. ಒಂದು ಕಡೆ ರಕ್ತ ಹರಿಯದ ಸತ್ತ ಅಂಗಾಂಶ, ಇನ್ನೊಂದು ಕಡೆ ಬ್ಯಾಕ್ಟೀರಿಯಾ ತುಂಬಿದ ಪಿತ್ತ. ರಕ್ತವೇ ಹೋಗದ ಜಾಗಕ್ಕೆ ರಕ್ಷಣಾ ಕಣಗಳೂ ಹೋಗಲಾರವು, ಔಷಧವೂ ಸರಿಯಾಗಿ ತಲುಪದು. ಹೀಗೆ ಯಕೃತ್ತಿನೊಳಗೆ ಕೀವುಗಡ್ಡೆ ಕಟ್ಟುತ್ತದೆ.

ಕಾವಲು ಗಟ್ಟಿಯಿರುವವರಲ್ಲಿ ಹೀಗಾಗುವುದು ನೂರಕ್ಕೆ ಒಬ್ಬರಿಬ್ಬರಿಗೆ, ಅಥವಾ ಅದಕ್ಕೂ ಕಡಿಮೆ. ದಕ್ಷಿಣ ಕೊರಿಯದ ಸೋಲ್ ನಗರದಿಂದ 2005ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 603 ರೋಗಿಗಳಿಗೆ 751 ಬಾರಿ ರೇಡಿಯೋ ತರಂಗದ ಅಬ್ಲೇಷನ್ ಮಾಡಲಾಗಿತ್ತು. ಕೀವು ಕಟ್ಟಿದ್ದು 13 ಸಲ. ಪಿತ್ತನಾಳದ ದೋಷ ಮೊದಲೇ ಇದ್ದವರಲ್ಲಿ ಅಪಾಯ ಹೆಚ್ಚೆಂಬುದು ಅದರಲ್ಲಿ ಎದ್ದು ಕಂಡಿತು. ಇಟಲಿಯ ಹಲವು ಆಸ್ಪತ್ರೆಗಳ 2,320 ರೋಗಿಗಳ ಲೆಕ್ಕ 2003ರಲ್ಲಿ ಹೊರಬಂದಾಗ, ಅಬ್ಲೇಷನ್‌ನಿಂದ ಗಂಭೀರ ತೊಂದರೆ ಆದವರು ನೂರಕ್ಕೆ ಎರಡರಷ್ಟು ಮಾತ್ರ ಎಂದು ತಿಳಿಯಿತು. ಒಟ್ಟಿನಲ್ಲಿ ಇವು ಸುರಕ್ಷಿತ ಚಿಕಿತ್ಸೆಗಳೇ. ಆದರೆ ಪಿತ್ತನಾಳವನ್ನು ಕರುಳಿಗೆ ಜೋಡಿಸಿದವರಲ್ಲಿ ಕೀಮೋಎಂಬೋಲೈಸೇಷನ್ ಮಾಡಿದಾಗ ಕೀವಿನ ಅಪಾಯ ಹತ್ತಾರು ಪಟ್ಟು ಏರುತ್ತದೆ.

ತಡೆ ಶುರುವಾಗುವುದು ಮಾತಿನಿಂದ

ಆದ್ದರಿಂದ ಸೋಂಕು ತಡೆಯುವ ಮೊದಲ ಹೆಜ್ಜೆ ಯಾವ ಔಷಧವೂ ಅಲ್ಲ, ಒಂದು ಪ್ರಶ್ನೆ: ‘ಪಿತ್ತನಾಳಕ್ಕೆ ಹಿಂದೆ ಎಂದಾದರೂ ಚಿಕಿತ್ಸೆ ಆಗಿತ್ತೇ?’ ಹತ್ತು ವರ್ಷದ ಹಿಂದೆ ಬೇರೆ ಊರಿನ ಆಸ್ಪತ್ರೆಯಲ್ಲಿ ಸ್ಟೆಂಟ್ ಹಾಕಿಸಿಕೊಂಡದ್ದನ್ನು ರೋಗಿ ಮರೆತಿರಬಹುದು. ಈಗಿನ ರೋಗಕ್ಕೂ ಅದಕ್ಕೂ ಏನು ಸಂಬಂಧ ಎಂದು ಮನೆಯವರು ಹೇಳದೇ ಇರಬಹುದು. ಹಳೆಯ ಬಿಡುಗಡೆ ಪತ್ರ, ಸ್ಕ್ಯಾನ್ ವರದಿಗಳನ್ನು ಜೊತೆಯಲ್ಲಿ ಒಯ್ಯುವುದು ಇದಕ್ಕಾಗಿಯೇ. ಬರೀ ಪಿತ್ತಕೋಶ ತೆಗೆಸಿಕೊಂಡವರು ಇದಕ್ಕೆ ಅಂಜಬೇಕಾಗಿಲ್ಲ. ಅವರಲ್ಲಿ ಕಾವಲಿನ ಬಳೆ ಹಾಗೆಯೇ ಉಳಿದಿರುತ್ತದೆ.

ಸಕ್ಕರೆ ಕಾಯಿಲೆಯನ್ನೂ ಮುಚ್ಚಿಡಬಾರದು. ರಕ್ತದಲ್ಲಿ ಸಕ್ಕರೆ ಏರಿದ್ದಷ್ಟೂ ಬಿಳಿ ರಕ್ತಕಣಗಳ ಹೋರಾಟದ ಶಕ್ತಿ ಕುಗ್ಗುತ್ತದೆ. ಹಲ್ಲಿನ ಬುಡದಲ್ಲಿ ಕೀವು, ಮೂತ್ರದ ಉರಿ, ಕಾಲಿನ ಹುಣ್ಣು, ಹೊಟ್ಟೆಯಲ್ಲಿ ತುಂಬಿದ ನೀರು ಇವನ್ನೂ ವೈದ್ಯರಿಗೆ ತಿಳಿಸಬೇಕು. ಇರುವ ಸೋಂಕನ್ನು ವಾಸಿಮಾಡಿ ಆಮೇಲೆ ಯಕೃತ್ತಿಗೆ ಕೈಹಾಕುವುದು ಲೇಸು. ಕೆಲವರಿಗೆ ಕೀಮೋಎಂಬೋಲೈಸೇಷನ್ ಬದಲು ಬೇರೆ ಚಿಕಿತ್ಸೆಯೇ ವಾಸಿ ಎಂದು ತೀರ್ಮಾನವಾಗುವುದೂ ಈ ಹಂತದಲ್ಲೇ.

ಎರಡನೆಯ ಹೆಜ್ಜೆ ಶುಚಿತ್ವದ್ದು. ವಿಯೆನ್ನಾದ ಹೆರಿಗೆ ಆಸ್ಪತ್ರೆಯಲ್ಲಿ ಕೈ ತೊಳೆಯುವ ನಿಯಮವನ್ನು ಸೆಮ್ಮೆಲ್‌ವೈಸ್ ತಂದದ್ದು 1847ರಲ್ಲಿ. ಇಷ್ಟು ವರ್ಷ ಕಳೆದರೂ ಅದಕ್ಕಿಂತ ಅಗ್ಗದ, ಅದಕ್ಕಿಂತ ಬಲವಾದ ರಕ್ಷಣೆ ಸಿಕ್ಕಿಲ್ಲ. ಸೂಜಿ ಎಷ್ಟೇ ಸಣ್ಣದಾಗಿರಲಿ, ಶಸ್ತ್ರಚಿಕಿತ್ಸೆಯ ಕೊಠಡಿಯ ಶಿಸ್ತೇ ಇಲ್ಲಿಯೂ ಬೇಕು. ಕ್ಲೋರ್‌ಹೆಕ್ಸಿಡಿನ್ ಬೆರೆತ ಆಲ್ಕೋಹಾಲ್‌ನಿಂದ ಚರ್ಮ ಒರೆಸಿ ಒಣಗಲು ಬಿಡುವುದು, ಕ್ರಿಮಿಶುದ್ಧ ಬಟ್ಟೆ ಹೊದಿಸುವುದು, ಕೂದಲನ್ನು ಬ್ಲೇಡಿನಿಂದ ಬೋಳಿಸದೆ ಯಂತ್ರದಿಂದ ಕತ್ತರಿಸುವುದು. ಬ್ಲೇಡು ಕಣ್ಣಿಗೆ ಕಾಣದಷ್ಟು ಸಣ್ಣ ಗೀರುಗಳನ್ನು ಮಾಡುತ್ತದೆ. ಕ್ರಿಮಿ ಬೇರೂರುವುದು ಅಲ್ಲೇ. ಆಸ್ಪತ್ರೆಗೆ ಹೋಗುವ ಮುನ್ನ ಮನೆಯಲ್ಲೇ ಕ್ಷೌರ ಮಾಡಿಕೊಂಡು ಹೋಗುವ ‘ಸಹಾಯ’ವನ್ನು ರೋಗಿಗಳು ಮಾಡದಿರುವುದು ಒಳ್ಳೆಯದು.

ಮದ್ದು ಯಾರಿಗೆ, ಎಷ್ಟು ದಿನ?

ಆಂಟಿಬಯಾಟಿಕ್‌ಗಳ ವಿಷಯದಲ್ಲಿ ವೈದ್ಯರಲ್ಲೇ ಚರ್ಚೆ ಮುಗಿದಿಲ್ಲ. ಕಾವಲು ಗಟ್ಟಿಯಿರುವ ರೋಗಿಗಳಿಗೆ ಆಂಟಿಬಯಾಟಿಕ್ ಕೊಟ್ಟು, ಕೊಡದೆ ಹೋಲಿಸಿದ ಸಣ್ಣ ಪ್ರಯೋಗಗಳಲ್ಲಿ ದೊಡ್ಡ ವ್ಯತ್ಯಾಸವೇನೂ ಕಂಡಿಲ್ಲ. ಆದರೂ ಹಲವು ಆಸ್ಪತ್ರೆಗಳಲ್ಲಿ ಚಿಕಿತ್ಸೆಗೆ ಮುಂಚಿನ ಒಂದು ಗಂಟೆಯೊಳಗೆ ಒಂದು ಚುಚ್ಚುಮದ್ದು ಕೊಡುತ್ತಾರೆ. ಸೂಜಿ ಒಳಗಿಳಿಯುವ ಹೊತ್ತಿಗೆ ರಕ್ತದಲ್ಲಿ ಮದ್ದು ತುಂಬಿರಬೇಕೆಂಬುದು ಇದರ ತರ್ಕ. ಚಿಕಿತ್ಸೆ ಮುಗಿದ ಮೇಲೆ ವಾರಗಟ್ಟಲೆ ಮಾತ್ರೆ ನುಂಗುವುದರಿಂದ ಇವರಿಗೆ ಲಾಭವಿದೆಯೆಂದು ಸಿದ್ಧವಾಗಿಲ್ಲ.

ಕಾವಲು ಮುರಿದವರ ಮಾತೇ ಬೇರೆ. ಕರುಳಿನ ಬ್ಯಾಕ್ಟೀರಿಯಾಗಳನ್ನು ಹೊಡೆಯಬಲ್ಲ, ಪಿತ್ತದೊಳಕ್ಕೂ ಇಳಿಯಬಲ್ಲ ಮದ್ದನ್ನು ಇವರಿಗೆ ಚಿಕಿತ್ಸೆಗೆ ಮೊದಲೇ ಆರಂಭಿಸಿ, ನಂತರವೂ ಎರಡು ವಾರದಷ್ಟು ಮುಂದುವರಿಸುವ ಪದ್ಧತಿಯಿದೆ. ಪಿಪೆರಾಸಿಲಿನ್-ಟಾಜೊಬ್ಯಾಕ್ಟಮ್, ಮಾಕ್ಸಿಫ್ಲಾಕ್ಸಸಿನ್‌ನಂಥವು ಈ ಸಾಲಿನವು. ಕೆಲವೆಡೆ ಹಿಂದಿನ ದಿನ ಕರುಳನ್ನು ಖಾಲಿ ಮಾಡಿಸುವುದೂ ಉಂಟು. ಇಷ್ಟೆಲ್ಲ ಮಾಡಿದರೂ ಅಪಾಯ ತಗ್ಗುತ್ತದೆಯೇ ಹೊರತು ಪೂರ್ತಿ ತೊಲಗುವುದಿಲ್ಲ. ಆದ್ದರಿಂದ ಇವರ ಮೇಲೆ ಚಿಕಿತ್ಸೆಯ ನಂತರದ ನಿಗಾ ಇನ್ನೂ ಬಿಗಿಯಾಗಿರಬೇಕು.

ಮನೆಯಲ್ಲಿ ಉಳಿದ ಹಳೆಯ ಆಂಟಿಬಯಾಟಿಕ್ ಮಾತ್ರೆಯನ್ನು ಜ್ವರ ಬಂದ ಕೂಡಲೇ ಕೊಡುವುದು ಅತ್ಯಂತ ಕೆಟ್ಟ ಅಭ್ಯಾಸ. ಒಳಗೆ ಕೀವಿದ್ದರೆ ಎರಡು ದಿನ ಜ್ವರ ಅಡಗಿದಂತೆ ಕಾಣುತ್ತದೆ, ಕೀವು ಬೆಳೆಯುತ್ತಲೇ ಹೋಗುತ್ತದೆ. ಆಮೇಲೆ ರಕ್ತವನ್ನು ಕಲ್ಚರ್ ಪರೀಕ್ಷೆಗೆ ಕಳಿಸಿದರೂ ಬ್ಯಾಕ್ಟೀರಿಯಾ ಯಾವುದೆಂದು ಸಿಗದೇ ಹೋಗಬಹುದು. ಮದ್ದಿಗೆ ಮಣಿಯದ ಬ್ಯಾಕ್ಟೀರಿಯಾಗಳು ಭಾರತದ ಆಸ್ಪತ್ರೆಗಳಿಗೆ ದೊಡ್ಡ ತಲೆನೋವು. ಮುಖ್ಯವಾದ ಹಲವು ಆಂಟಿಬಯಾಟಿಕ್‌ಗಳ ಮಾರಾಟಕ್ಕೆ ವೈದ್ಯರ ಚೀಟಿ ಬೇಕು, ಲೆಕ್ಕ ಇಡಬೇಕು ಎಂಬ ಎಚ್-1 ಪಟ್ಟಿಯ ನಿಯಮ 2014ರಿಂದ ಜಾರಿಯಲ್ಲಿರುವುದು ಈ ಕಾರಣಕ್ಕೇ.

ಮನೆಗೆ ಬಂದ ಮೇಲೆ

ಚುಚ್ಚುಗಾಯಕ್ಕೆ ಬೇಕಾದದ್ದು ಹೆಚ್ಚೇನೂ ಇಲ್ಲ. ಮೊದಲ ಒಂದೆರಡು ದಿನ ಒಣಗಿರಲಿ. ಮುಟ್ಟುವ ಮೊದಲು ಸೋಪಿನಲ್ಲಿ ಕೈ ತೊಳೆಯಬೇಕು. ಅರಿಸಿನ, ಕಾಫಿಪುಡಿ, ವಿಭೂತಿ, ಕೊಬ್ಬರಿ ಎಣ್ಣೆ ಯಾವುದನ್ನೂ ಹಚ್ಚಬಾರದು. ಗಾಯ ಮಾಯುವವರೆಗೆ ಕೆರೆ, ಹೊಳೆ, ತೊಟ್ಟಿಯಲ್ಲಿ ಮುಳುಗಿ ಸ್ನಾನ ಬೇಡ. ಪಕ್ಕೆ ನೋವೆಂದು ಉಸಿರು ಬಿಗಿಹಿಡಿದು ಸದಾ ಮಲಗಿರುವುದೂ ತಪ್ಪು. ಶ್ವಾಸಕೋಶದ ತಳದಲ್ಲಿ ಕಫ ನಿಂತು ಅಲ್ಲಿಯೂ ಸೋಂಕು ಹುಟ್ಟಬಹುದು. ವೈದ್ಯರು ಒಪ್ಪಿದ ಕೂಡಲೇ ಎದ್ದು ನಾಲ್ಕು ಹೆಜ್ಜೆ ಹಾಕುವುದು, ಗಂಟೆಗೊಮ್ಮೆ ಹತ್ತು ಸಲ ನಿಧಾನವಾಗಿ ಆಳವಾಗಿ ಉಸಿರೆಳೆಯುವುದು ಒಳ್ಳೆಯದು.

ಮುಖ್ಯವಾದದ್ದು ಥರ್ಮಾಮೀಟರು ಮತ್ತು ಒಂದು ನೋಟ್‌ಬುಕ್ಕು. ಬೆಳಿಗ್ಗೆ, ಸಂಜೆ ಜ್ವರ ನೋಡಿ ಬರೆದಿಡಬೇಕು. ಕೀವುಗಡ್ಡೆ ಸಾಮಾನ್ಯವಾಗಿ ತಲೆಯೆತ್ತುವುದು ಒಂದರಿಂದ ನಾಲ್ಕು ವಾರಗಳ ನಡುವೆ. ಅಬ್ಲೇಷನ್ ಆದವರಲ್ಲಿ ಇನ್ನೂ ತಡವಾಗಿ ಬಂದದ್ದೂ ಇದೆ. ಮನೆಯವರು ನೆನಪಿಡಬೇಕಾದ ಲೆಕ್ಕ ಸರಳ. ಇಳಿಯುತ್ತಾ ಹೋಗುವ ಜ್ವರ ಗಡ್ಡೆ ಸತ್ತುದರ ಗುರುತು. ಇಳಿಯದೆ ನಿಂತ ಜ್ವರ, ಇಳಿದು ಮತ್ತೆ ಏರಿದ ಜ್ವರ, ಮೈ ನಡುಗಿಸಿ ಬರುವ ಚಳಿಜ್ವರ ಇವು ಸೋಂಕಿನ ಗುರುತು. ಮೊದಲ ವಾರ ಕಳೆದ ಮೇಲೆ 100.4 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ ಚಿಕಿತ್ಸೆ ನೀಡಿದ ಆಸ್ಪತ್ರೆಗೆ ಅಂದೇ ತಿಳಿಸಬೇಕು. ಹೆಚ್ಚುತ್ತಿರುವ ಪಕ್ಕೆನೋವು, ಹಳದಿಯಾದ ಕಣ್ಣು, ಗಾಯದಲ್ಲಿ ಕೆಂಪು ಅಥವಾ ಕೀವು ಕಂಡರೂ ಹೀಗೆಯೇ. ಚಳಿ ನಡುಕ, ಕಡಿಮೆಯಾದ ಮೂತ್ರ, ತಣ್ಣಗಾದ ಕೈಕಾಲು, ಮಾತಿನಲ್ಲಿ ಗೊಂದಲ ಇವು ಕಾಣಿಸಿಕೊಂಡರೆ ಬೆಳಗಾಗಲಿ ಎಂದು ಕಾಯುವಂತಿಲ್ಲ.

ಒಂದು ಎಚ್ಚರಿಕೆ. ಯಕೃತ್ತು ಗಂಟುಗಟ್ಟಿ ಸಿರೋಸಿಸ್ ಆದವರಲ್ಲಿ, ವಯಸ್ಸಾದವರಲ್ಲಿ ಸೋಂಕು ತೀವ್ರವಾಗಿದ್ದರೂ ಜ್ವರ ಹೆಚ್ಚಾಗಿ ಬರದಿರಬಹುದು. ಇದ್ದಕ್ಕಿದ್ದಂತೆ ಮಂಕಾಗುವುದು, ಹಗಲು ನಿದ್ದೆ, ಊಟ ಬಿಡುವುದೇ ಅವರಲ್ಲಿ ಮೊದಲ ಸೂಚನೆ.

ದೊಡ್ಡ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದು ದೂರದ ಹಳ್ಳಿಗೆ ಮರಳಿದವರಿಗೆ ಇನ್ನೊಂದು ತೊಡಕಿದೆ. ಜ್ವರ ಬಂದಾಗ ಅವರು ಮೊದಲು ಕಾಣುವುದು ಹತ್ತಿರದ ವೈದ್ಯರನ್ನು. ಹೊಟ್ಟೆಯ ಮೇಲೆ ಗಾಯವಿಲ್ಲ. ರೋಗಿ ಹೇಳದಿದ್ದರೆ ಅವರಿಗೆ ತಿಳಿಯುವ ಬಗೆಯೇನು? ಟೈಫಾಯ್ಡ್ ಇರಬಹುದೆಂದು ವೈಡಾಲ್ ಪರೀಕ್ಷೆ ಮಾಡಿಸಿ ಅದಕ್ಕೇ ಔಷಧ ಕೊಡುತ್ತಾ ಹೋದರೆ ಅಮೂಲ್ಯವಾದ ವಾರವೇ ಕಳೆದುಹೋಗುತ್ತದೆ. ಕಣ್ಣು ಹಳದಿಯಾದರೆ ಕಾಮಾಲೆಯೆಂದು ನಾಟಿ ಔಷಧಕ್ಕೆ ಹೋಗುವವರೂ ಇದ್ದಾರೆ. ಪಿತ್ತನಾಳ ಕಟ್ಟಿ ಸೋಂಕಾಗಿದ್ದರೆ ಆ ವಿಳಂಬ ಪ್ರಾಣಾಂತಿಕ. ‘ಇಂಥ ದಿನ ಯಕೃತ್ತಿನ ಗಡ್ಡೆಗೆ ಇಂಥ ಚಿಕಿತ್ಸೆಯಾಗಿದೆ, ಪಿತ್ತನಾಳದಲ್ಲಿ ಸ್ಟೆಂಟ್ ಇದೆ ಅಥವಾ ಇಲ್ಲ, ಆಸ್ಪತ್ರೆಯ ಫೋನ್ ಸಂಖ್ಯೆ ಇದು’ ಎಂಬ ಮೂರು ಸಾಲಿನ ಚೀಟಿಯನ್ನು ಬಿಡುಗಡೆಯ ದಿನವೇ ಬರೆಸಿಕೊಂಡು ಜೇಬಿನಲ್ಲಿಟ್ಟುಕೊಂಡರೆ ಈ ತೊಡಕು ಅರ್ಧ ಕಳೆದಂತೆ.

ಬೇಗ ಗೊತ್ತಾದರೆ ಕೀವಿಗೆ ಒಳ್ಳೆಯ ಪರಿಹಾರವಿದೆ. ಅಲ್ಟ್ರಾಸೌಂಡ್ ನೋಡಿಕೊಂಡು ಸಣ್ಣ ಕೊಳವೆ ಇಳಿಸಿ ಕೀವನ್ನು ಹೊರಕ್ಕೆ ಹರಿಯಬಿಡುತ್ತಾರೆ. ಅದನ್ನು ಪರೀಕ್ಷಿಸಿ, ಸಿಕ್ಕ ಬ್ಯಾಕ್ಟೀರಿಯಾಕ್ಕೆ ತಕ್ಕ ಮದ್ದನ್ನು ಕೆಲವು ವಾರ ಕೊಡುತ್ತಾರೆ. ಸ್ಕ್ಯಾನ್‌ನಲ್ಲಿ ಗಾಳಿಗುಳ್ಳೆ ಕಂಡ ಮಾತ್ರಕ್ಕೆ ಕೀವು ಎಂದೇ ಅರ್ಥವಲ್ಲ. ಸತ್ತ ಗಡ್ಡೆಯಲ್ಲಿ ಮೊದಲ ದಿನಗಳಲ್ಲಿ ಗುಳ್ಳೆ ಇರುವುದುಂಟು. ಸ್ಕ್ಯಾನ್, ರಕ್ತಪರೀಕ್ಷೆ, ರೋಗಿಯ ಸ್ಥಿತಿ ಮೂರನ್ನೂ ಕೂಡಿಸಿ ನೋಡಿಯೇ ವೈದ್ಯರು ತೀರ್ಮಾನಿಸುತ್ತಾರೆ. ಮನೆಯವರು ಬರೆದಿಟ್ಟ ಜ್ವರದ ಲೆಕ್ಕಕ್ಕೆ ಅಲ್ಲಿ ಬೆಲೆ ಬರುತ್ತದೆ.

ಮಲಗಿರುವ ವೈರಸ್

ಬ್ಯಾಕ್ಟೀರಿಯಾದ ಗದ್ದಲದಲ್ಲಿ ಮರೆತುಹೋಗುವ ಇನ್ನೊಂದು ಸೋಂಕಿದೆ. ಯಕೃತ್ತಿನ ಕ್ಯಾನ್ಸರ್ ಬಂದ ಅನೇಕರಲ್ಲಿ ಅದರ ಮೂಲವೇ ಹೆಪಟೈಟಿಸ್ ಬಿ ವೈರಸ್. ಎಷ್ಟೋ ವರ್ಷದಿಂದ ಸದ್ದಿಲ್ಲದೆ ಮಲಗಿದ್ದ ಈ ವೈರಸ್, ಕೀಮೋಎಂಬೋಲೈಸೇಷನ್ ನಂತರ ಮತ್ತೆ ಎದ್ದು ಉಳಿದ ಯಕೃತ್ತನ್ನೂ ಹಾಳುಮಾಡಬಹುದು. ಆದ್ದರಿಂದ ಚಿಕಿತ್ಸೆಗೆ ಮೊದಲು ಇದರ ರಕ್ತಪರೀಕ್ಷೆ ಆಗಬೇಕು, ವೈರಸ್ ಇದ್ದವರಿಗೆ ಅದನ್ನು ಅದುಮಿಡುವ ಮಾತ್ರೆ ಶುರುವಾಗಬೇಕು. ಗಡ್ಡೆ ಹೋಯಿತಲ್ಲ ಎಂದು ಈ ಮಾತ್ರೆಯನ್ನು ತಾವಾಗಿ ನಿಲ್ಲಿಸುವುದು ಅಪಾಯಕರ. ರೋಗಿಯ ಹೆಂಡತಿ ಅಥವಾ ಗಂಡ, ಮಕ್ಕಳು, ಒಡಹುಟ್ಟಿದವರು ಪರೀಕ್ಷೆ ಮಾಡಿಸಿಕೊಂಡು, ಸೋಂಕಿಲ್ಲದಿದ್ದರೆ ಲಸಿಕೆ ಹಾಕಿಸಿಕೊಳ್ಳಬೇಕು. 2018ರಲ್ಲಿ ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಇದರ ಪರೀಕ್ಷೆ ಮತ್ತು ಔಷಧ ಉಚಿತ.

ಕೊಯ್ಯದೆ ಮಾಡುವ ಚಿಕಿತ್ಸೆ ರೋಗಿಯ ನೋವನ್ನು, ಆಸ್ಪತ್ರೆಯ ದಿನಗಳನ್ನು ಕಡಿಮೆ ಮಾಡಿದೆ. ಅದರ ಜೊತೆಗೆ ದಾದಿಯರು ವಾರ್ಡಿನಲ್ಲಿ ಮಾಡುತ್ತಿದ್ದ ಕಾವಲಿನ ಕೆಲಸದಲ್ಲಿ ಒಂದು ಪಾಲನ್ನು ಮನೆಯವರ ಹೆಗಲಿಗೆ ದಾಟಿಸಿದೆ. ಆ ಕೆಲಸಕ್ಕೆ ದೊಡ್ಡ ಓದು ಬೇಡ. ಹಳೆಯ ಚಿಕಿತ್ಸೆಗಳನ್ನು ಮರೆಮಾಚದೆ ಹೇಳುವ ಬಾಯಿ, ತೊಳೆದ ಕೈ, ದಿನಕ್ಕೆರಡು ಸಲ ಥರ್ಮಾಮೀಟರು ನೋಡುವ ತಾಳ್ಮೆ ಇಷ್ಟಿದ್ದರೆ ಸಾಕು.